ಇನ್ಶೂರೆನ್ಸ್ ಇಲ್ಲದ ಗಾಡಿ, ಪೈಪೋಟಿ ಇಲ್ಲದ ಪಾಲಿಸಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತಾಲ್ಲೂಕು ಕೋರ್ಟಿನಲ್ಲಿ ಎಂವಿಸಿ ಕೇಸು, ಅಂದರೆ ಮೋಟಾರು ಅಪಘಾತ ಪರಿಹಾರದ ಕೇಸುಗಳನ್ನು ನಡೆಸುವ ವಕೀಲ. ಕೋರ್ಟಿನ ಜಗಲಿಯಲ್ಲಿ, ಫೋನಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಕೂಡ ಜನ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನಿಮಗೆ ಬೇಕಾದ ಒಂದನ್ನೇ ಓದಿದರೂ ಅರ್ಥವಾಗುವಂತೆ ಉತ್ತರ ಬರೆದಿದ್ದೇನೆ.

## ಬುಡದಿಂದ ಶುರು

ಥರ್ಡ್ ಪಾರ್ಟಿ ಅಂತೀರಲ್ಲ, ಆ ಮೂರನೆಯವನು ಯಾರು?

ಪಾಲಿಸಿ ಕೊಂಡ ನೀವು ಮೊದಲನೆಯವರು, ಕೊಟ್ಟ ಕಂಪನಿ ಎರಡನೆಯದು. ನಿಮ್ಮ ಗಾಡಿಯಿಂದ ಪೆಟ್ಟು ತಿಂದವರು ಮೂರನೆಯವರು: ರಸ್ತೆ ದಾಟುತ್ತಿದ್ದ ಅಜ್ಜಿ, ಎದುರಿನಿಂದ ಬಂದ ಸೈಕಲ್ಲಿನ ಹುಡುಗ. ಈ ಪಾಲಿಸಿಯಿಂದ ನಿಮ್ಮ ಗಾಡಿಯ ರಿಪೇರಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ. ನಿಮ್ಮಿಂದ ಅವರಿಗಾದ ನಷ್ಟವನ್ನು ನಿಮ್ಮ ಪರವಾಗಿ ಕಂಪನಿ ಕಟ್ಟುತ್ತದೆ, ಅಷ್ಟೆ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಕಡ್ಡಾಯ ಮಾಡಿರುವುದು ಇದೊಂದನ್ನೇ. ‘ಫುಲ್ ಇನ್ಶೂರೆನ್ಸ್’ ಎಂದು ನಾವು ಕರೆಯುವುದು ಇದರ ಜೊತೆಗೆ ಸ್ವಂತ ಗಾಡಿಯ ಹಾನಿಗೂ ರಕ್ಷಣೆ ಸೇರಿಸಿದ್ದು. ಅದನ್ನು ಕೊಳ್ಳುವುದು ಬಿಡುವುದು ನಿಮ್ಮ ಇಷ್ಟ.

ಪೊಲೀಸರು ಹಿಡಿದರೆ ಎರಡು ಸಾವಿರ ದಂಡ ತಾನೇ? ಕಟ್ಟಿದರಾಯ್ತಲ್ಲ ಸಾರ್?

ನನ್ನ ಹತ್ತಿರ ಅತಿ ಹೆಚ್ಚು ಬರುವ ಪ್ರಶ್ನೆ ಇದೇ. 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲ ಸಿಕ್ಕಿಬಿದ್ದರೆ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000. ಆದರೆ ಆ ದಂಡ ಲೆಕ್ಕಕ್ಕೇ ಬರುವಂಥದ್ದಲ್ಲ. ದುಡಿಯುವ ವಯಸ್ಸಿನ ಒಬ್ಬ ಗಾರೆ ಕೆಲಸದವನು ನಿಮ್ಮ ಬೈಕಿಗೆ ಸಿಕ್ಕಿ ತೀರಿಕೊಂಡ ಎನ್ನಿ. ಅವನ ವಯಸ್ಸು, ಸಂಪಾದನೆ, ಮುಂದೆ ಹೆಚ್ಚಬಹುದಾಗಿದ್ದ ಆದಾಯ, ಅವಲಂಬಿತರು, ಎಲ್ಲವನ್ನೂ ಗುಣಿಸಿ ಕೋರ್ಟು ಪರಿಹಾರ ಕಟ್ಟುತ್ತದೆ. ಹತ್ತಾರು ಲಕ್ಷ ಸುಲಭವಾಗಿ ಆಗುತ್ತದೆ. ಪಾಲಿಸಿ ಇದ್ದರೆ ಅದನ್ನು ಕಂಪನಿ ಕಟ್ಟುತ್ತದೆ, ಸಾವು ಮತ್ತು ಗಾಯಕ್ಕೆ ಮೊತ್ತದ ಮಿತಿಯೇ ಇಲ್ಲ. ಪಾಲಿಸಿ ಇಲ್ಲದಿದ್ದರೆ ನೀವು ಕಟ್ಟಬೇಕು.

ಹಳೇ ಗಾಡಿ, ಹೊಲಕ್ಕೂ ಹಾಲಿನ ಡೈರಿಗೂ ಮಾತ್ರ ಓಡಿಸ್ತೀನಿ. ಅದಕ್ಕೂ ಬೇಕಾ?

ಬೇಕು. ಕಾಯ್ದೆ ನೋಡುವುದು ಸಾರ್ವಜನಿಕ ಜಾಗದಲ್ಲಿ ಓಡಿಸುತ್ತೀರಾ ಎಂಬುದನ್ನು ಮಾತ್ರ. ಊರೊಳಗಿನ ಬೀದಿ, ಡೈರಿಯ ಮುಂದಿನ ದಾರಿ, ಹೊಲಕ್ಕೆ ಹೋಗುವ ಬಂಡಿದಾರಿ, ಜನ ಓಡಾಡುವುದೆಲ್ಲ ಸಾರ್ವಜನಿಕವೇ.

ನಿಧಾನವಾಗಿ ಓಡೋ ಎಲೆಕ್ಟ್ರಿಕ್ ಸ್ಕೂಟರ್‌ಗೆ ಬೇಡ ಅಂತ ಅಂಗಡಿಯವರು ಹೇಳಿದ್ರು. ನಿಜವಾ?

ವೇಗ ಗಂಟೆಗೆ 25 ಕಿ.ಮೀ. ಒಳಗೆ ಮತ್ತು ಮೋಟರಿನ ಶಕ್ತಿ 250 ವ್ಯಾಟ್ ಒಳಗೆ ಇದ್ದು, ಆ ಮಾದರಿಗೆ ಅನುಮೋದನೆ ಇದ್ದರೆ ನಿಜ. ಅಂಥವು ‘ಮೋಟಾರು ವಾಹನ’ವೇ ಅಲ್ಲ, ನೋಂದಣಿ ಬೇಡ, ಪಾಲಿಸಿಯೂ ಬೇಡ. ಮಿಕ್ಕ ಎಲೆಕ್ಟ್ರಿಕ್ ಗಾಡಿಗಳಿಗೆಲ್ಲ ಬೇಕು. ಥರ್ಡ್ ಪಾರ್ಟಿ ದರದಲ್ಲಿ ಅವಕ್ಕೆ ಶೇ 15 ರಿಯಾಯಿತಿ ಇದೆ.

## ಅಪಘಾತ ಆಗಿಹೋದ ಮೇಲೆ

ನಮ್ಮ ತಂದೆಗೆ ಗುದ್ದಿದ ಬೈಕಿಗೆ ಇನ್ಶೂರೆನ್ಸೇ ಇರಲಿಲ್ಲವಂತೆ. ನಮಗೆ ಏನೂ ಸಿಗಲ್ವಾ?

ಆದೇಶ ಸಿಗುತ್ತದೆ, ಹಣ ಕೈಗೆ ಬರುವುದು ಬೇರೆ ಮಾತು. ಅಪಘಾತ ನಡೆದ ಊರಿನ ಅಥವಾ ನೀವು ವಾಸವಿರುವ ಊರಿನ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅರ್ಜಿ ಹಾಕಬಹುದು. ಬೆಂಗಳೂರಿನಲ್ಲಾದರೆ ಲಘು ವ್ಯವಹಾರಗಳ ನ್ಯಾಯಾಲಯದಲ್ಲಿ ಇವು ನಡೆಯುತ್ತವೆ. 2022ರ ಏಪ್ರಿಲ್‌ನಿಂದ ಅರ್ಜಿಗೆ ಆರು ತಿಂಗಳ ಗಡುವು ಇದೆ. ಆ ಗಡುವನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿಗಳು ಹೋಗಿವೆ, ಆದರೂ ಅದನ್ನೇ ನಂಬಿ ತಡ ಮಾಡಬೇಡಿ. ಪಾಲಿಸಿ ಇಲ್ಲದಾಗ ಮಾಲೀಕ ಮತ್ತು ಓಡಿಸಿದವನು ಸೇರಿ ಕಟ್ಟಬೇಕು ಎಂದು ತೀರ್ಪಾಗುತ್ತದೆ. ಕಟ್ಟದಿದ್ದರೆ 174ನೇ ಕಲಂ ಪ್ರಕಾರ ನ್ಯಾಯಮಂಡಳಿ ಜಿಲ್ಲಾಧಿಕಾರಿಗೆ ಪ್ರಮಾಣಪತ್ರ ಕಳಿಸಿ ಭೂಕಂದಾಯದ ಬಾಕಿಯಂತೆ ವಸೂಲು ಮಾಡಿಸಬಹುದು.

ಇಲ್ಲಿ ಎಡವುವುದು ಎಲ್ಲಿ ಎಂದರೆ, ಪಾಲಿಸಿ ಮಾಡಿಸದವನ ಹೆಸರಿನಲ್ಲಿ ಸಾಮಾನ್ಯವಾಗಿ ಜಪ್ತಿ ಮಾಡುವಂಥದ್ದು ಏನೂ ಇರುವುದಿಲ್ಲ. ಹಾಗಾಗಿ ಮೊದಲ ವಾರವೇ ಒಂದು ಕೆಲಸ ಮಾಡಿ. ಪೊಲೀಸರ ವಶದಲ್ಲಿರುವ ಆ ಗಾಡಿಯನ್ನು ಬಿಡಬಾರದೆಂದು ವಕೀಲರ ಮೂಲಕ ಕೋರ್ಟಿಗೆ ತಿಳಿಸಿ. ಪಾಲಿಸಿ ಇಲ್ಲದ ಗಾಡಿಯನ್ನು, ಮಾಲೀಕ ತಕ್ಕ ಭದ್ರತೆ ಕೊಡದ ಹೊರತು ಬಿಡುವಂತಿಲ್ಲ, ಮೂರು ತಿಂಗಳು ಕಳೆದರೆ ಹರಾಜು ಹಾಕಿ ಹಣವನ್ನು ನ್ಯಾಯಮಂಡಳಿಗೆ ಕಟ್ಟಬೇಕು, ಇಂಥ ನಿಯಮವನ್ನು ಎಲ್ಲ ರಾಜ್ಯಗಳೂ ತರಬೇಕು ಎಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲಿ ಹೇಳಿದೆ. ಹಳೇ ಬೈಕು ಹರಾಜಾದರೆ ಹೆಚ್ಚು ಬರುವುದಿಲ್ಲ, ಒಪ್ಪುತ್ತೇನೆ. ಲಾರಿ, ಜೆಸಿಬಿ, ಕಾರಾದರೆ ಅದೇ ದೊಡ್ಡ ಆಧಾರ. ಗಾಡಿ ಹೊರಗೆ ಹೋದ ಮೇಲೆ ನನ್ನ ಬಳಿ ಬಂದ ಮನೆಯವರನ್ನು ನೋಡಿ ಸಂಕಟಪಟ್ಟಿದ್ದೇನೆ.

ಆಸ್ಪತ್ರೆ ಖರ್ಚಿಗೆ ಮೊದಲು ದುಡ್ಡು ಬೇಕಲ್ಲ, ಕೇಸು ಮುಗಿಯೋತನಕ ಏನ್ ಮಾಡೋದು?

2025ರ ಮೇ 5ರಂದು ಕೇಂದ್ರ ಸರ್ಕಾರ ರಸ್ತೆ ಅಪಘಾತದ ಗಾಯಾಳುಗಳಿಗೆ ನಗದುರಹಿತ ಚಿಕಿತ್ಸೆಯ ಯೋಜನೆ ಪ್ರಕಟಿಸಿದೆ. ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನದವರೆಗೆ, ಒಬ್ಬರಿಗೆ 1.5 ಲಕ್ಷ ರೂಪಾಯಿವರೆಗೆ. ಗುದ್ದಿದ ಗಾಡಿಗೆ ಪಾಲಿಸಿ ಇಲ್ಲದಿದ್ದರೂ ಇದು ಅನ್ವಯಿಸುತ್ತದೆ. ಪೊಲೀಸರಿಗೆ ಮಾಹಿತಿ ಹೋಗಿರಬೇಕು, ಹಾಗಾಗಿ ‘ಮಾತಲ್ಲೇ ಬಗೆಹರಿಸಿಕೊಳ್ಳೋಣ’ ಎಂದವರ ಮಾತು ಕೇಳಿ ಠಾಣೆಗೆ ಹೋಗದೇ ಇರಬೇಡಿ.

ಗುದ್ದಿ ಓಡಿಹೋದ. ನಂಬರೇ ಗೊತ್ತಿಲ್ಲ. ಇದೂ ಇನ್ಶೂರೆನ್ಸ್ ಇಲ್ಲದ ಗಾಡಿ ಥರಾನೇ ಅಲ್ವಾ?

ಅಲ್ಲ, ದಾರಿ ಬೇರೆ. ಗಾಡಿ ಯಾವುದೆಂದೇ ಪತ್ತೆಯಾಗದಿದ್ದರೆ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸಿಗುತ್ತದೆ. 2022ರ ಏಪ್ರಿಲ್‌ಗೆ ಮೊದಲು ಇದು 25,000 ಮತ್ತು 12,500 ಇತ್ತು. ಅರ್ಜಿಯನ್ನು ಕೊಡಬೇಕಾದದ್ದು ಕೋರ್ಟಿಗಲ್ಲ, ಕಂದಾಯ ಇಲಾಖೆಯ ಉಪವಿಭಾಗ ಅಥವಾ ತಾಲ್ಲೂಕು ಹಂತದ ವಿಚಾರಣಾಧಿಕಾರಿಗೆ. ಮಂಜೂರು ಮಾಡುವುದು ಜಿಲ್ಲಾಡಳಿತ. ಈ ಹಣ ಇದೆ ಎಂಬುದೇ ಅನೇಕರಿಗೆ ಗೊತ್ತಿಲ್ಲ. ಎಷ್ಟೋ ಮನೆಯವರು ಎಫ್‌ಐಆರ್ ಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಸುಮ್ಮನಾಗಿದ್ದಾರೆ. ಗಾಡಿ ಪತ್ತೆಯಾಗಿ ಪಾಲಿಸಿ ಮಾತ್ರ ಇಲ್ಲದಿದ್ದರೆ ಈ ಯೋಜನೆ ಅನ್ವಯಿಸುವುದಿಲ್ಲ.

ಬೈಕ್ ಮಾರಿ ಮೂರು ವರ್ಷ ಆಯ್ತು. ಈಗ ನನಗೆ ಸಮನ್ಸ್ ಬಂದಿದೆ. ನಾನ್ಯಾಕೆ ಹೊಣೆ?

ಆರ್‌ಸಿ ಇನ್ನೂ ನಿಮ್ಮ ಹೆಸರಲ್ಲಿದ್ದರೆ ಕಾನೂನಿನ ಕಣ್ಣಿಗೆ ಮಾಲೀಕರು ನೀವೇ. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಖಚಿತವಾಗಿ ಹೇಳಿದೆ. ಆ ಪ್ರಕರಣದಲ್ಲಿ ಗಾಡಿ ಒಬ್ಬರಿಂದ ಒಬ್ಬರಿಗೆ ಹಲವು ಕೈ ಬದಲಾಗಿತ್ತು, ದಾಖಲೆಯಲ್ಲಿ ಹೆಸರಿದ್ದ ಮೊದಲನೆಯವರೇ ಕಟ್ಟಬೇಕಾಯಿತು. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30ಕ್ಕೆ ಖಾಲಿ ಸಹಿ ಹಾಕಿ ಬ್ರೋಕರ್ ಕೈಗೆ ಕೊಟ್ಟು ಬರುವ ಅಭ್ಯಾಸ ನಮ್ಮಲ್ಲಿ ಬಹಳ. ಕೊಂಡವನು ಪಾಲಿಸಿ ಮುಂದುವರಿಸದೇ ಓಡಿಸಿ ಅಪಘಾತ ಮಾಡಿದರೆ ನೋಟಿಸು ಬರುವುದು ಖಾಲಿ ಸಹಿ ಹಾಕಿದವರ ಮನೆಗೆ. ಮಾರಿದ ದಿನವೇ ವರ್ಗಾವಣೆಯ ಅರ್ಜಿ ಆನ್‌ಲೈನಿನಲ್ಲಿ ಹೋಗುವಂತೆ ನೋಡಿಕೊಳ್ಳಿ, ಹೊಸ ಆರ್‌ಸಿಯ ಫೋಟೊ ಬರುವವರೆಗೆ ಬಿಡಬೇಡಿ.

ಪಾಲಿಸಿ ಇದೆ, ಆದರೂ ಕಂಪನಿ ಕಟ್ಟಲ್ಲ ಅಂತಿದೆ. ಇದೆಂಥ ನ್ಯಾಯ?

ಇನ್ಶೂರೆನ್ಸ್ ಇಲ್ಲದ ಗಾಡಿಗಳ ಬಗ್ಗೆ ಮಾತಾಡುವಾಗ ಎಲ್ಲರೂ ಮರೆಯುವ ಭಾಗ ಇದು: ಪಾಲಿಸಿ ಇದ್ದೂ ಕೆಲವರ ಮಟ್ಟಿಗೆ ಅದು ಇಲ್ಲ.

ಬೈಕಿನ ಹಿಂದೆ ಕೂತ ಹೆಂಡತಿಯನ್ನೇ ತೆಗೆದುಕೊಳ್ಳಿ. ಗಂಡನ ಬಳಿ ಬರೀ ಥರ್ಡ್ ಪಾರ್ಟಿ ಪಾಲಿಸಿ ಇದೆ. ಅವನೇ ಬೀಳಿಸಿದರೆ ಅವಳಿಗೆ ಆ ಪಾಲಿಸಿಯಿಂದ ಪರಿಹಾರವಿಲ್ಲ. 2006ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ತೀರ್ಪು ಕೊಟ್ಟಿದೆ. ಕಾಯ್ದೆ ಕಡ್ಡಾಯ ಮಾಡಿರುವ ಪಾಲಿಸಿಯು ಪುಕ್ಕಟೆಯಾಗಿ ಕೂರಿಸಿಕೊಂಡವರನ್ನು ಒಳಗೊಳ್ಳುವುದಿಲ್ಲ ಎಂಬುದು ಅದರ ತರ್ಕ. ಖಾಸಗಿ ಕಾರಿನಲ್ಲಿ ಜೊತೆಗೆ ಬಂದ ನೆಂಟರಿಗೂ ಇದೇ. ‘ಫುಲ್’ ಪಾಲಿಸಿ ಆಗಿದ್ದರೆ ಹಿಂಬದಿ ಸವಾರರೂ ಕಾರಿನೊಳಗಿನವರೂ ಸೇರುತ್ತಾರೆ. ವಿಮಾ ನಿಯಂತ್ರಣ ಪ್ರಾಧಿಕಾರ 2009ರಲ್ಲಿ ಕಂಪನಿಗಳಿಗೆ ಇದನ್ನು ಸ್ಪಷ್ಟಪಡಿಸಿತು. ಹಳೇ ಬೈಕಿಗೆ ಯಾಕೆ ಫುಲ್ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಬೈಕು ಹಳೆಯದಿರಬಹುದು, ಹಿಂದೆ ಕೂರುವುದು ನಿಮ್ಮ ಮನೆಯವರು.

ಇದಕ್ಕಿಂತ ಕೆಟ್ಟದ್ದು ಟ್ರ್ಯಾಕ್ಟರು, ಕ್ಯಾಂಟರು, ಟಾಟಾ ಏಸ್‌ಗಳದ್ದು. ಕಳೆ ಕೀಳಲು ಹೋಗುವ ಹೆಣ್ಣುಮಕ್ಕಳನ್ನು ಗೂಡ್ಸ್ ಗಾಡಿಯಲ್ಲಿ ತುಂಬುತ್ತೇವೆ, ಮದುವೆ ದಿಬ್ಬಣವನ್ನೂ ಜಾತ್ರೆಗೆ ಹೊರಟವರನ್ನೂ ಟ್ರೈಲರಿನಲ್ಲಿ ಕೂರಿಸುತ್ತೇವೆ. ಸರಕಿನ ಗಾಡಿಯಲ್ಲಿ ಕಾನೂನು ಒಪ್ಪುವುದು ಸರಕಿನ ಒಡೆಯ ಅಥವಾ ಅವನ ಪ್ರತಿನಿಧಿಯನ್ನು, ಮತ್ತು ಪಾಲಿಸಿಯಲ್ಲಿ ಸೇರಿದ ಕೆಲಸಗಾರರನ್ನು ಮಾತ್ರ. ಸರಕಿನ ಒಡೆಯನನ್ನು ಸೇರಿಸಿದ್ದೂ 1994ರ ತಿದ್ದುಪಡಿ. ಉಳಿದವರು ಹತ್ತಿದ ಕ್ಷಣದಿಂದ ಅವರ ಪಾಲಿಗೆ ಅದು ಇನ್ಶೂರೆನ್ಸ್ ಇಲ್ಲದ ಗಾಡಿ. ಟ್ರೈಲರಿಗೆ ಪ್ರತ್ಯೇಕ ನೋಂದಣಿ, ಪ್ರತ್ಯೇಕ ಪಾಲಿಸಿ ಬೇಕೆಂಬುದನ್ನು ಬಹಳ ರೈತರು ತಿಳಿಯುವುದು ಅಪಘಾತದ ನಂತರವೇ. ಪಾಲಿಸಿ ಮಾಡಿಸುವಾಗ ಸ್ವಲ್ಪ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಲೋಡಿಂಗ್, ಅನ್‌ಲೋಡಿಂಗ್ ಕೂಲಿಕಾರರನ್ನು ಸೇರಿಸಿಕೊಳ್ಳಬಹುದು, ಏಜೆಂಟರನ್ನು ಬಾಯಿಬಿಟ್ಟು ಕೇಳಿ. ದಿಬ್ಬಣಕ್ಕೆ ಮಾತ್ರ ಬಸ್ಸನ್ನೇ ಮಾಡಿಕೊಳ್ಳಿ.

ಒಂದು ಸಮಾಧಾನವೂ ಇದೆ. ಓಡಿಸಿದವನಿಗೆ ಡಿಎಲ್ ಇರಲಿಲ್ಲ ಎಂಬಂಥ ತಪ್ಪುಗಳಲ್ಲಿ, ಕಂಪನಿ ಮೊದಲು ಸಂತ್ರಸ್ತರಿಗೆ ಕಟ್ಟಿ ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ಕೋರ್ಟುಗಳು ಆದೇಶಿಸುತ್ತವೆ. ಸುಪ್ರೀಂ ಕೋರ್ಟಿನ 2004ರ ಸ್ವರಣ್ ಸಿಂಗ್ ತೀರ್ಪು ಇದಕ್ಕೆ ಆಧಾರ. ಪಾಲಿಸಿಯೇ ಇಲ್ಲದಿದ್ದರೆ ಹಾಗೆ ಮೊದಲು ಕಟ್ಟಲು ಯಾರೂ ಇರುವುದಿಲ್ಲ.

ಬೆಳಿಗ್ಗೆ ಗುದ್ದಿದ್ದು, ಮಧ್ಯಾಹ್ನ ಆನ್‌ಲೈನ್ ಪಾಲಿಸಿ ಮಾಡಿಸಿದ್ವಿ. ಅದೇ ದಿನಾಂಕ ಅಲ್ವಾ?

ದಿನಾಂಕ ಒಂದೇ ಇರಬಹುದು, ಪಾಲಿಸಿಯಲ್ಲಿ ಗಂಟೆ ನಿಮಿಷವೂ ಅಚ್ಚಾಗಿರುತ್ತದೆ. ಅದಕ್ಕೆ ಮೊದಲಿನ ಅಪಘಾತಕ್ಕೆ ರಕ್ಷಣೆ ಇಲ್ಲ. ಪ್ರೀಮಿಯಂ ಕೈಸೇರದೆ ಹೊಣೆ ಹೊರುವಂತಿಲ್ಲ ಎಂದು 1938ರ ವಿಮಾ ಕಾಯ್ದೆಯೇ ಕಂಪನಿಗಳಿಗೆ ಹೇಳಿದೆ. ಸಮಯ ತಿದ್ದಿಸಲು ಯಾರಾದರೂ ಮುಂದೆ ಬಂದರೆ ದೂರ ಇರಿ, ಅದು ಕ್ರಿಮಿನಲ್ ಕೇಸಾಗುತ್ತದೆ.

## ಬೆಲೆ, ಪೈಪೋಟಿ, ಮಾರುಕಟ್ಟೆ

ಎಲ್ಲಾ ಕಂಪನಿಯಲ್ಲೂ ಥರ್ಡ್ ಪಾರ್ಟಿ ರೇಟ್ ಒಂದೇ ಇದೆಯಲ್ಲ, ಮತ್ತೆ ಪೈಪೋಟಿ ಎಲ್ಲಿ?

ಆ ದರವನ್ನು ಕಂಪನಿಗಳು ನಿಗದಿ ಮಾಡುವುದಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ಜೊತೆ ಸಮಾಲೋಚಿಸಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಪ್ರಕಟಿಸುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 75ರಿಂದ 150 ಸಿಸಿ ಬೈಕಿಗೆ ವರ್ಷಕ್ಕೆ 714 ರೂ., 1000 ಸಿಸಿ ಒಳಗಿನ ಕಾರಿಗೆ 2,094 ರೂ., 1000ದಿಂದ 1500 ಸಿಸಿ ಕಾರಿಗೆ 3,416 ರೂ. ಜಿಎಸ್‌ಟಿ ಬೇರೆ.

ಹಿನ್ನೆಲೆ ತಿಳಿದರೆ ಇದು ಅರ್ಥವಾಗುತ್ತದೆ. 1973ರಲ್ಲಿ ಸಾಮಾನ್ಯ ವಿಮೆ ರಾಷ್ಟ್ರೀಕರಣವಾಗಿ ನೂರಕ್ಕೂ ಹೆಚ್ಚು ಕಂಪನಿಗಳು ನಾಲ್ಕಾದವು: ನ್ಯಾಷನಲ್, ನ್ಯೂ ಇಂಡಿಯಾ, ಓರಿಯಂಟಲ್, ಯುನೈಟೆಡ್ ಇಂಡಿಯಾ. 2000ದಲ್ಲಿ ಖಾಸಗಿಯವರಿಗೆ ಬಾಗಿಲು ತೆರೆಯಿತು, ಆದರೂ ದರ ಸರ್ಕಾರದ್ದೇ ಇತ್ತು. 2007ರ ಜನವರಿ 1ರಿಂದ ಸ್ವಂತ ಹಾನಿಯ ದರವನ್ನು ಕಂಪನಿಗಳಿಗೆ ಬಿಟ್ಟರು, ಥರ್ಡ್ ಪಾರ್ಟಿಯನ್ನು ಬಿಡಲಿಲ್ಲ. ಹಾಗಾಗಿ ಇವತ್ತು ನೀವು ಕಾಣುವ ರಿಯಾಯಿತಿ, ಆ್ಯಪು, ಜಾಹೀರಾತು, ಬಂಪರ್ ಟು ಬಂಪರ್ (ಸವಕಳಿ ಕಳೆಯದೆ ಹಾನಿ ತುಂಬಿಕೊಡುವ ಪಾಲಿಸಿ), ಎಲ್ಲವೂ ಕಡ್ಡಾಯವಲ್ಲದ ಅರ್ಧದಲ್ಲಿದೆ. ಬೆಂಗಳೂರಿನಲ್ಲೇ ನೆಲೆಯಾದ ಆಕೊ, ಡಿಜಿಟ್‌ನಂಥ ಹೊಸ ಕಂಪನಿಗಳು ಬಂದ ಮೇಲೆ ಆ ಅರ್ಧದಲ್ಲಿ ಸೆಣಸಾಟ ಜೋರಾಗಿದೆ. ಕಡ್ಡಾಯವಾದ ಅರ್ಧದಲ್ಲಿ ಬೆಲೆಯ ಪೈಪೋಟಿ ಇಲ್ಲ.

ಶೋರೂಮಿನವರು ಅವರ ಹತ್ರಾನೇ ಇನ್ಶೂರೆನ್ಸ್ ತಗೋಬೇಕು ಅಂತಾರೆ. ರೂಲ್ ಇದೆಯಾ?

ಇಲ್ಲ. ನೋಂದಣಿಗೆ ಮಾನ್ಯ ಪಾಲಿಸಿ ಬೇಕು, ಯಾರಿಂದ ಕೊಂಡಿರಿ ಎಂದು ಆರ್‌ಟಿಒ ಕೇಳುವುದಿಲ್ಲ. ಹೊರಗೆ ಒಂದೆರಡು ಕಡೆ ಅದೇ ಐಡಿವಿ (ಪಾಲಿಸಿಯಲ್ಲಿ ನಿಮ್ಮ ಗಾಡಿಗೆ ಕಟ್ಟಿದ ಬೆಲೆ), ಅದೇ ಆ್ಯಡ್‌ಆನ್ (ಹೆಚ್ಚುವರಿ ರಕ್ಷಣೆ) ಇಟ್ಟು ಬೆಲೆ ಕೇಳಿ, ಆ ಕಾಗದವನ್ನು ಶೋರೂಮಿನ ಮೇಜಿನ ಮೇಲಿಡಿ. ಸಾವಿರಾರು ರೂಪಾಯಿ ಅಲ್ಲೇ ಇಳಿದದ್ದನ್ನು ನಾನು ಕಂಡಿದ್ದೇನೆ. ಅಗ್ಗವೊಂದನ್ನೇ ನೋಡಬೇಡಿ, ಐಡಿವಿ ಇಳಿಸಿಯೂ ಬೆಲೆ ಇಳಿಸುತ್ತಾರೆ. ನಿಮ್ಮ ಊರಿನ ಹತ್ತಿರದ ಯಾವ ಗ್ಯಾರೇಜಿನಲ್ಲಿ ಕ್ಯಾಶ್‌ಲೆಸ್ ಇದೆ ಎಂದು ಕೇಳಿ.

ನಮ್ಮೂರಲ್ಲಿ ಅರ್ಧಕ್ಕರ್ಧ ಬೈಕಿಗೆ ಇನ್ಶೂರೆನ್ಸ್ ಇಲ್ಲ. ಜನ ಬೇಜವಾಬ್ದಾರಿಗಳಾ?

ದೇಶದ ಸ್ಥಿತಿಯೂ ಹೀಗೇ. ನೋಂದಾಯಿತ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚಿಗೆ ಚಾಲ್ತಿ ಪಾಲಿಸಿ ಇಲ್ಲವೆಂದು ಸಂಸತ್ತಿನ ಹಣಕಾಸು ಸ್ಥಾಯಿ ಸಮಿತಿ ಕಳವಳ ಪಟ್ಟಿದೆ. ಗುಜರಿ ಸೇರಿಯೂ ಪುಸ್ತಕದಲ್ಲಿ ಉಳಿದ ಗಾಡಿಗಳು ಆ ಲೆಕ್ಕದಲ್ಲಿ ಇರಬಹುದು, ಆದರೂ ಸಣ್ಣ ಸಂಖ್ಯೆಯಲ್ಲ.

ಜನರನ್ನು ಬೈದು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. 714 ರೂಪಾಯಿಗೆ ತೆರಿಗೆ ಸೇರಿದರೆ ಸುಮಾರು 843, ದಿನಕ್ಕೆ ಎರಡೂವರೆ ರೂಪಾಯಿಗಿಂತ ಕಡಿಮೆ. ಬೈಕಿನವರ ಮಟ್ಟಿಗೆ ಬೆಲೆಯೇ ದೊಡ್ಡ ಅಡ್ಡಿ ಎನ್ನಲಾರೆ. ಅಡ್ಡಿ ಇರುವುದು ಮಾರುವವರ ಕಡೆ. 2016ರ ನಿಯಮದಲ್ಲಿ ಬರೀ ಥರ್ಡ್ ಪಾರ್ಟಿ ಪಾಲಿಸಿಗೆ ಏಜೆಂಟರಿಗೆ ಗರಿಷ್ಠ ಶೇ 2.5 ಕಮಿಷನ್ ಇತ್ತು. 714ಕ್ಕೆ ಲೆಕ್ಕ ಹಾಕಿ, ಹದಿನೆಂಟು ರೂಪಾಯಿಯೂ ಆಗುವುದಿಲ್ಲ. ಹದಿನೆಂಟು ರೂಪಾಯಿಗಾಗಿ ಯಾವ ಏಜೆಂಟ್ ಪೆಟ್ರೋಲ್ ಸುಟ್ಟುಕೊಂಡು ಹಳ್ಳಿಗೆ ಬಂದು ‘ಅಣ್ಣಾ, ನಿಮ್ಮ ಪಾಲಿಸಿ ಮುಗೀತು’ ಎನ್ನುತ್ತಾನೆ? 2023ರಲ್ಲಿ ಆ ಮಿತಿ ಸಡಿಲವಾಯಿತು, ಆದರೆ ಮಾರುವವರ ಗಮನ ಹೊಸ ಕಾರಿನ ಮೇಲೆಯೇ ಇದೆ.

ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್ 1ರಿಂದ ಹೊಸ ಬೈಕಿಗೆ ಐದು ವರ್ಷ, ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ. ಒಳ್ಳೆಯ ಹೆಜ್ಜೆ. ಆದರೆ ಐದು ವರ್ಷ ಮರೆತಿದ್ದವರು ಆರನೇ ವರ್ಷವೂ ಮರೆಯುತ್ತಾರೆ, ಅಷ್ಟರಲ್ಲಿ ಫೋನ್ ನಂಬರ್ ಬದಲಾಗಿರುತ್ತದೆ, ಗಾಡಿ ಇನ್ನೊಬ್ಬರ ಕೈ ಸೇರಿರುತ್ತದೆ.

ನನ್ನ ಹಳೇ ಲಾರಿ ಅಂದ್ರೆ ಕಂಪನಿಯವರು ಮುಖ ತಿರುಗಿಸ್ತಾರೆ. ಯಾಕೆ?

ಬೆಲೆ ಏರಿಸುವ ಸ್ವಾತಂತ್ರ್ಯ ಇಲ್ಲದಾಗ ಕಂಪನಿಗೆ ಉಳಿಯುವ ದಾರಿ, ನಷ್ಟದ ಗಿರಾಕಿಯಿಂದ ನುಣುಚಿಕೊಳ್ಳುವುದು. ನೇರವಾಗಿ ಇಲ್ಲ ಎನ್ನುವಂತಿಲ್ಲ, ‘ಸರ್ವರ್ ಡೌನ್’, ‘ನಾಳೆ ಬನ್ನಿ’ ಎನ್ನುತ್ತಾರೆ. ಇದನ್ನು ತಪ್ಪಿಸಲೆಂದೇ 2007ರ ಏಪ್ರಿಲ್‌ನಿಂದ 2012ರ ಮಾರ್ಚ್‌ವರೆಗೆ ವಾಣಿಜ್ಯ ವಾಹನಗಳ ಥರ್ಡ್ ಪಾರ್ಟಿ ನಷ್ಟವನ್ನೆಲ್ಲ ಒಂದೇ ರಾಶಿಗೆ ಹಾಕಿ ಕಂಪನಿಗಳು ಮಾರುಕಟ್ಟೆಯ ಪಾಲಿಗೆ ತಕ್ಕಂತೆ ಹಂಚಿಕೊಳ್ಳುವ ‘ಪೂಲ್’ ವ್ಯವಸ್ಥೆ ಇತ್ತು. ನಷ್ಟ ಎಲ್ಲರದೂ ಆದಾಗ ಕ್ಲೇಮನ್ನು ಚುರುಕಾಗಿ ಮುಗಿಸುವ ಆಸಕ್ತಿ ಯಾರಿಗೂ ಇರಲಿಲ್ಲ, ನಷ್ಟ ಬೆಳೆಯುತ್ತಲೇ ಹೋಯಿತು. ಆಮೇಲೆ ಬೇಡವೆಂದ ಗಾಡಿಗಳಿಗೆ ಮಾತ್ರ ಪೂಲ್ ಇಟ್ಟರು, 2016ರಲ್ಲಿ ಅದೂ ನಿಂತಿತು. ಈಗ ಪ್ರತಿ ಕಂಪನಿಯೂ ಇಂತಿಷ್ಟು ಥರ್ಡ್ ಪಾರ್ಟಿ ವ್ಯವಹಾರ ಮಾಡಲೇಬೇಕೆಂಬ ನಿಯಮವಿದೆ. ನಿರಾಕರಿಸಿದರೆ ಬರಹದಲ್ಲಿ ಕೊಡಿ ಎಂದು ಕೇಳಿ, ಬಹಳ ಕಡೆ ಅಷ್ಟಕ್ಕೇ ಕೆಲಸ ಆಗುತ್ತದೆ. ಆಗದಿದ್ದರೆ ನಿಯಂತ್ರಣ ಪ್ರಾಧಿಕಾರಕ್ಕೆ ದೂರು ಕೊಡಿ.

ಕೆಎಸ್‌ಆರ್‌ಟಿಸಿ ಬಸ್ಸಿಗೆ ಇನ್ಶೂರೆನ್ಸ್ ಇಲ್ಲವಂತೆ. ಸರ್ಕಾರಕ್ಕೊಂದು ಕಾನೂನಾ?

ಸಾರಿಗೆ ನಿಗಮಗಳು ತಮ್ಮದೇ ನಿಧಿ ಇಟ್ಟು ಪಾಲಿಸಿಯಿಂದ ವಿನಾಯಿತಿ ಪಡೆಯಲು 146ನೇ ಕಲಮಿನಲ್ಲೇ ಅವಕಾಶವಿದೆ. ರಾಜ್ಯ ಸರ್ಕಾರದ ಇಲಾಖೆಗಳ ವಾಹನಗಳಿಗೆ ಕೆಜಿಐಡಿಯ, ಅಂದರೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ, ಮೋಟಾರು ಶಾಖೆ ವಿಮೆ ಕೊಡುತ್ತದೆ. ಪರಿಹಾರ ತಡವಾದಾಗ ಕೋರ್ಟು ಬಸ್ಸನ್ನೇ ಜಪ್ತಿ ಮಾಡಿಸಿದ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಖಾಸಗಿ ಬೈಕಿನವನಿಗೂ ನಿಗಮಕ್ಕೂ ವ್ಯತ್ಯಾಸ ಇಷ್ಟೇ: ನಿಗಮದ ಬಳಿ ಜಪ್ತಿ ಮಾಡಲು ಬಸ್ಸಾದರೂ ಇದೆ.

ಬೇರೆಯವರು ಕಟ್ಟದಿದ್ದರೆ ಕಟ್ಟುವ ನನಗೇನು ನಷ್ಟ?

ಇನ್ಶೂರೆನ್ಸ್ ಇಲ್ಲದವನು ನಿಮ್ಮ ಕಾರಿಗೆ ಗುದ್ದಿದರೆ ನೀವು ನಿಮ್ಮದೇ ಪಾಲಿಸಿಯಲ್ಲಿ ಕ್ಲೇಮ್ ಮಾಡುತ್ತೀರಿ. ಐದು ವರ್ಷ ಕ್ಲೇಮ್ ಇಲ್ಲದೆ ಗಳಿಸಿದ ಶೇ 50ರ ನೋ ಕ್ಲೇಮ್ ಬೋನಸ್, ಅಂದರೆ ಸ್ವಂತ ಹಾನಿಯ ಪ್ರೀಮಿಯಂನಲ್ಲಿನ ರಿಯಾಯಿತಿ, ಹೋಗುತ್ತದೆ, ತಪ್ಪು ಅವನದಾದರೂ. ಬ್ರಿಟನ್ನಿನಲ್ಲಿ ಈ ಹೊರೆ ಇನ್ನೂ ನೇರವಾಗಿದೆ. ಅಲ್ಲಿ 1946ರಿಂದ ಇರುವ ಮೋಟರ್ ಇನ್ಶೂರರ್ಸ್ ಬ್ಯೂರೊ ಎಂಬ ಸಂಸ್ಥೆ, ಪಾಲಿಸಿ ಇಲ್ಲದ ಗಾಡಿಗೆ ಸಿಕ್ಕವರಿಗೆ ತಾನೇ ಪರಿಹಾರ ಕೊಡುತ್ತದೆ. ಹಣ ಕಂಪನಿಗಳ ವಂತಿಗೆ, ಅಂದರೆ ಕೊನೆಗೆ ಪಾಲಿಸಿ ಕೊಂಡವರ ಪ್ರೀಮಿಯಂ. ಕಟ್ಟುವವರಿಗೆ ಹೊರೆ ನಿಜ, ಆದರೆ ಪೆಟ್ಟು ತಿಂದವರು ಬರಿಗೈಯಲ್ಲಿ ಹೋಗುವುದಿಲ್ಲ. ನಾನು ಆ ಹೊರೆಯನ್ನು ಒಪ್ಪುವವನು.

ಅಮೆರಿಕದಲ್ಲಿರುವ ಮಗಳ ಪಾಲಿಸಿಯಲ್ಲಿ ‘ಅನ್‌ಇನ್ಶೂರ್ಡ್ ಮೋಟರಿಸ್ಟ್’ ಅಂತಿದೆ. ನಮ್ಮಲ್ಲಿ ಸಿಗತ್ತಾ?

ಆ ರೂಪದಲ್ಲಿ ಇಲ್ಲ. ಪಾಲಿಸಿ ಇಲ್ಲದವನು ಗುದ್ದಿದಾಗ ನಮ್ಮದೇ ಕಂಪನಿ ನಮ್ಮ ಗಾಯಕ್ಕೆ ಕೊಡುವ ವ್ಯವಸ್ಥೆ ಅದು. ನಮ್ಮಲ್ಲಿ ಹತ್ತಿರದ್ದೆಂದರೆ ಓಡಿಸುವ ಮಾಲೀಕನಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ, ಜೊತೆಗೆ ಪ್ರಯಾಣಿಕರಿಗೂ ಅಂಥದ್ದೇ ಐಚ್ಛಿಕ ವಿಮೆ, ಮತ್ತು ಒಂದು ಆರೋಗ್ಯ ವಿಮೆ. ಈ ಮೂರಿದ್ದರೆ ಎದುರಿನವನ ಪಾಲಿಸಿಯ ಮೇಲೆ ನಿಮ್ಮ ಅವಲಂಬನೆ ಬಹಳ ಕಡಿಮೆಯಾಗುತ್ತದೆ.

ಥರ್ಡ್ ಪಾರ್ಟಿ ದರವನ್ನೂ ಪೈಪೋಟಿಗೆ ಬಿಟ್ಟರೆ ಎಲ್ಲರೂ ಮಾಡಿಸ್ತಾರಾ?

ಬಿಟ್ಟರೆ ಎಚ್ಚರದಿಂದ ಓಡಿಸುವ ಮಧ್ಯವಯಸ್ಸಿನ ಕಾರಿನವರಿಗೆ ಅಗ್ಗವಾಗಬಹುದು. ಲಾರಿಗೆ, ಆಟೊಗೆ, ಹೊಸದಾಗಿ ಡಿಎಲ್ ಪಡೆದ ಹುಡುಗರಿಗೆ ಏರುತ್ತದೆ. ದರ ಮುಕ್ತವಾಗಿರುವ ಬ್ರಿಟನ್ನಿನಲ್ಲಿ ಎಳೆಯ ಚಾಲಕರು ಕಟ್ಟುವ ಪ್ರೀಮಿಯಂ ವಿಪರೀತ. ಏರಿದವರೇ ಪಾಲಿಸಿ ಬಿಡುವವರು, ಅವರಿಂದಲೇ ಅಪಾಯ ಹೆಚ್ಚು. ಹಾಗಾಗಿ ಪೂರ್ತಿ ಬಿಡುವುದು ನಮ್ಮ ರಸ್ತೆಗೆ ಸಲ್ಲದು ಎಂದು ನನ್ನ ಅಭಿಪ್ರಾಯ.

ಇನ್ನೊಂದು ತುದಿಯಲ್ಲಿ ದಕ್ಷಿಣ ಆಫ್ರಿಕಾ ಇದೆ. ಅಲ್ಲಿ ಇಂಧನದ ಬೆಲೆಯಲ್ಲೇ ಅಪಘಾತ ನಿಧಿಯ ವಂತಿಗೆ ಸೇರಿದೆ, ಪೆಟ್ರೋಲ್ ಹಾಕಿಸಿದವರೆಲ್ಲ ಕಟ್ಟಿದ ಹಾಗೆಯೇ. ಮರೆಯುವ ಮಾತೇ ಇಲ್ಲ. ಆದರೆ ಆ ನಿಧಿ ವರ್ಷಗಳಿಂದ ಸಾಲದಲ್ಲಿ ಮುಳುಗಿದೆ. ಎಲೆಕ್ಟ್ರಿಕ್ ಗಾಡಿ ಹೆಚ್ಚಿದಂತೆ ಇಂಥ ವಂತಿಗೆ ಸೋರುವುದೂ ಖಚಿತ.

ನಡುವಿನ ದಾರಿಗಳಲ್ಲಿ ನನಗೆ ಭರವಸೆ. ಬ್ರಿಟನ್ 2011ರಲ್ಲಿ ನಿಯಮ ತಿರುಗಿಸಿತು: ಗಾಡಿ ರಸ್ತೆಯಲ್ಲಿ ಸಿಕ್ಕಿಬೀಳಬೇಕಿಲ್ಲ, ಓಡಿಸುತ್ತಿಲ್ಲವೆಂದು ಘೋಷಿಸದ ಗಾಡಿಗೆ ಪಾಲಿಸಿ ಇಲ್ಲದಿದ್ದರೆ ಕಂಪ್ಯೂಟರೇ ಹುಡುಕಿ ಮಾಲೀಕನಿಗೆ ಪತ್ರ ಕಳಿಸುತ್ತದೆ. ನಮ್ಮಲ್ಲಿ ‘ವಾಹನ್’ ಎಂಬ ವಾಹನ ನೋಂದಣಿಯ ದತ್ತಾಂಶದಲ್ಲಿ ಗಾಡಿಯೂ ಪಾಲಿಸಿಯೂ ಒಂದೇ ಕಡೆ ಕಾಣುತ್ತವೆ, ಒಡಿಶಾ 2024ರಲ್ಲಿ ಟೋಲ್ ಗೇಟುಗಳಲ್ಲೇ ಇದನ್ನು ತಾಳೆ ನೋಡತೊಡಗಿತು. ಆದರೆ ಟೋಲ್ ದಾಟದ ಹಳ್ಳಿಯ ಬೈಕನ್ನು ಅದು ಮುಟ್ಟುವುದಿಲ್ಲ. ಆ ಬೈಕು ಹೋಗುವ ಜಾಗ ಎಂದರೆ ಪೆಟ್ರೋಲ್ ಬಂಕಿನ ಪಕ್ಕದ ಎಮಿಷನ್ ಟೆಸ್ಟ್ ಗೂಡು. ಅಲ್ಲಿ ಕೂತ ಹುಡುಗ ಹೊಗೆ ನೋಡುವಾಗಲೇ ಪಾಲಿಸಿ ಮುಗಿದಿದೆ ಎಂದು ತೋರಿಸಿ, ಅಲ್ಲೇ ಮಾಡಿಸಿಕೊಟ್ಟು, ಆ ಕೆಲಸಕ್ಕೆ ಹದಿನೆಂಟರ ಬದಲು ನೂರು ರೂಪಾಯಿ ಪಡೆಯುವಂತಾದರೆ ಹೇಗೆ ಎಂದು ನಾನು ಸಿಕ್ಕ ಅಧಿಕಾರಿಗಳನ್ನೆಲ್ಲ ಕೇಳುತ್ತಿದ್ದೇನೆ.